ವಶಪಡಿಸಿಕೊಂಡ ನಾಲ್ಕು ಗೆಣಸು

ಹನುಮಂತರಾಜು ಬಿನ್ ಮಲ್ಲಪ್ಪ, ವಯಸ್ಸು 36 ವರ್ಷ, ಕಸುಬು ಕಾಡು ಸವರಿ ಬೆಂಕಿ ಹಾಕುವ ತಂಡದಲ್ಲಿ ಕೂಲಿ, ವಾಸ ಹೇವರ್ಡ್, ಸ್ವಂತ ಊರು ದೊಡ್ಡಬಳ್ಳಾಪುರ ತಾಲ್ಲೂಕು. ನನಗೆ ಸರಿಯಾಗಿ ಬರುವ ಭಾಷೆಯಲ್ಲೇ ಬರೆಯಬಹುದು, ಆಮೇಲೆ ಇಂಗ್ಲಿಷಿಗೆ ಮಾಡಿಸಿಕೊಳ್ಳುತ್ತೇವೆ ಎಂದು ಪೊಲೀಸ್ ಆಫೀಸರು ಹೇಳಿದ್ದರಿಂದ ಕೈಯಾರೆ ಬರೆದುಕೊಡುವ ಹೇಳಿಕೆ ಏನೆಂದರೆ:

ಇಂಟರ್ನೆಟ್ಟಿನಲ್ಲಿ ದಿನಸಿ ಮಾರುತ್ತಿದ್ದ ಕಂಪನಿ ಮುಚ್ಚಿ, ಅದರ ಗೋದಾಮಿನ ಕೆಲಸ ಹೋದ ಮೇಲೆ ಎರಡು ತಿಂಗಳಿಂದ ಈ ತಂಡದಲ್ಲಿದ್ದೇನೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಿರಲೆಂದು, ಮಳೆ ಶುರುವಾದ ಮೇಲೆ ಒಣಕೊಂಬೆಗಳನ್ನು ನಾವೇ ಗುಡ್ಡೆ ಹಾಕಿ ಸುಡುತ್ತೇವೆ.

ಈ ದಿನ ಬೆಳಿಗ್ಗೆ 7 ಗಂಟೆಗೆ ಹೇವರ್ಡ್ ಮೇಲಿನ ಗುಡ್ಡ ಹತ್ತಿದೆವು. 11ರವರೆಗೆ, ತಿಂಗಳ ಹಿಂದೆ ಕಡಿದಿದ್ದ ಕೊಂಬೆಗಳನ್ನು 60 ಅಡಿ ಇಳಿಜಾರಿನಲ್ಲಿ ಎಳೆದು ತಂದು ಹದಿನಾಲ್ಕು ಗುಡ್ಡೆ ಮಾಡಿದೆವು. ಬಲ ಭುಜ ಕಿತ್ತುಬರುವಂತಿತ್ತು. 11.20ಕ್ಕೆ ಮೇಸ್ತ್ರಿ ಕಾರ್ಲೋಸ್ ಒಂದೊಂದಕ್ಕೇ ಬೆಂಕಿ ಕೊಟ್ಟರು. ಒಂಬತ್ತನೇ ಗುಡ್ಡೆ ನನ್ನ ಪಾಲಿನದು, ಓಕ್ ಮರದ್ದು.

2.40ಕ್ಕೆ ಉರಿ ಇಳಿದು ಕೆಂಡವಾಯಿತು. ಊಟದ ಚೀಲದಲ್ಲಿ ತಂದಿದ್ದ ನಾಲ್ಕು ಗೆಣಸನ್ನು ಬೂದಿ ಸರಿಸಿ ಹೂತೆ. ಪಕ್ಕದಲ್ಲೇ ನೀಲಗಿರಿ ಗುಡ್ಡೆಯೂ ಇತ್ತು. ಆ ಕೆಂಡದಲ್ಲಿ ಸುಟ್ಟರೆ ಗೆಣಸು ಔಷಧಿ ವಾಸನೆ ಹೊಡೆಯುತ್ತದೆ, ಬಸುರಿ ಬಾಯಿಗೆ ಆಗುವಂಥದ್ದಲ್ಲ.

ನನ್ನ ಹೆಂಡತಿ ಕಾವ್ಯಾ ಫಾಸ್ಟರ್ ಸಿಟಿಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಳೆ. ಈಗ ಐದು ತಿಂಗಳು. ಅವಳ ತಾಯಿ ಬಚ್ಚಲುಮನೆಯ ನೀರೊಲೆಯ ಬೂದಿಯಲ್ಲಿ ಸುಟ್ಟುಕೊಡುತ್ತಿದ್ದ ಗೆಣಸಿನ ಮೇಲೆ ಅವಳಿಗೆ ಬಯಕೆ. ಆ ತಾಯಿ ತೀರಿಕೊಂಡು ವರ್ಷವಾಯಿತು. ನಾನು ಓವನ್ನಿನಲ್ಲಿ ಸುಟ್ಟುಕೊಟ್ಟೆ. "ಚೆನ್ನಾಗಿದೆ ಕಣ್ರೀ, ಆದ್ರೆ ಬೂದಿ ವಾಸ್ನೆ ಇಲ್ಲ" ಎಂದು ಎರಡು ತುತ್ತಿಗೆ ತಟ್ಟೆ ಸರಿಸಿದಳು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸಿದ್ದಕ್ಕೆ ಮ್ಯಾನೇಜರು ನೋಟಿಸು ಕೊಟ್ಟರು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಕೇಳುತ್ತಿದ್ದಾಗ ನನಗೆ ಇಷ್ಟು ಸಂಕಟವಿರಲಿಲ್ಲ.

3 ಗಂಟೆಗೆ ಗುಡ್ಡೆಗಳಿಗೆ ನೀರು ಹೊಡೆಯಲು ಶುರುಮಾಡಿದೆವು. ಬೂದಿಯ ಮೇಲೆ ಅಂಗೈಯ ಹಿಂಬದಿ ಇಟ್ಟು ತಣ್ಣಗಿದ್ದರೆ ಮಾತ್ರ ಆರಿದೆ ಎನ್ನಬೇಕು, ಅದು ನಿಯಮ. ನಾನು ಅಂಚಿಗಷ್ಟೇ ನೀರು ಹಾಕಿದೆ. 3.15ಕ್ಕೆ ಕಾರ್ಲೋಸ್ ಒಂಬತ್ತು ಆರಿತೇ ಎಂದು ಕೇಳಿದರು. ಆರಿದೆ ಎಂದೆ. ಅವರು ನನ್ನ ಮಾತು ನಂಬಿ ಕೈಯಿಟ್ಟು ನೋಡಲಿಲ್ಲ.

3.30ಕ್ಕೆ ಎಲ್ಲರೂ ಇಳಿದು ಹೋದರು. 4.05ಕ್ಕೆ ನಾನೊಬ್ಬನೇ ಹಿಂತಿರುಗಿ, ಯಾರೂ ಬಾರದಂತೆ ಸುತ್ತ ಕಟ್ಟಿದ್ದ ಹಳದಿ ಪಟ್ಟಿ ದಾಟಿ ಒಳಗೆ ಹೋದೆ. ಬೂದಿ ಕೆದಕುತ್ತಿದ್ದ ನನ್ನನ್ನು ನೋಡಿ ವಾಕಿಂಗಿಗೆ ಬಂದವರು ಯಾರೋ ಪೊಲೀಸರಿಗೆ ಫೋನು ಮಾಡಿದ್ದಾರೆ. 4.25ಕ್ಕೆ ಇಬ್ಬರು ಆಫೀಸರು ಬಂದು ಕೈ ಮೇಲೆತ್ತಲು ಹೇಳಿದರು, ಎತ್ತಿದೆ. ಏನು ಹೂತಿದ್ದೀಯ ಎಂದು ಕೇಳಿದರು. ಗೆಣಸು ಎಂದರೆ ನಂಬಲಿಲ್ಲ. ಒಂದನ್ನು ಚಾಕುವಿನಿಂದ ಸೀಳಿ ನೋಡಿದರು. ಹಬೆ ಬಂತು. ಚೆನ್ನಾಗಿ ಬೆಂದಿತ್ತು. ನಾಲ್ಕನ್ನೂ ಕಾಗದದ ಚೀಲಕ್ಕೆ ಹಾಕಿ ವಶಪಡಿಸಿಕೊಂಡರು.

4.50ಕ್ಕೆ ಕಾರ್ಲೋಸ್ ಬಂದು ತಾವೇ ನೀರು ಹೊಡೆದು, ಬೂದಿಯಲ್ಲಿ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತರು. ನಾನು ಎಲ್ಲವನ್ನೂ ಹೇಳಿದೆ. ಬೆಳಿಗ್ಗೆಯೇ ಕೇಳಿದ್ದರೆ ಒಂದು ಗುಡ್ಡೆಯನ್ನೇ ಬಿಟ್ಟುಕೊಡುತ್ತಿದ್ದೆ, ಆದರೆ ಆರದ ಬೆಂಕಿಯನ್ನು ಆರಿದೆ ಎಂದವನನ್ನು ಮತ್ತೆ ಕಾಡಿಗೆ ಕರೆದೊಯ್ಯಲಾರೆ, ನಾಳೆಯಿಂದ ಬರಬೇಡ ಎಂದರು. ಅವರು ಹೇಳಿದ್ದು ಸರಿ. ಅದರ ಬಗ್ಗೆ ನನ್ನ ತಕರಾರಿಲ್ಲ.

ಆಮೇಲೆ ಆಫೀಸರು ನನ್ನನ್ನು ಪೊಲೀಸ್ ಸ್ಟೇಷನ್ನಿಗೆ ಕರೆತಂದರು. ಕಾವ್ಯಾ ಕೆಲಸ ಮುಗಿಸಿ 6 ಗಂಟೆಗೆ ಇಲ್ಲಿಗೆ ಬಂದಳು. ಏನಾಯಿತೆಂದು ಕೇಳುವ ಮೊದಲೇ ನನ್ನ ಅಂಗಿಯ ತೋಳು ಹಿಡಿದು ಮೂಸಿ, "ಅಮ್ಮನ ಬಚ್ಚಲುಮನೆ ವಾಸ್ನೆ ಬರ್ತಿದೆ" ಎಂದಳು. ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಗೆಣಸಿನ ವಿಷಯ ಅವಳಿಗಿನ್ನೂ ಗೊತ್ತಿಲ್ಲ.

ಸೀಳಿದ ಒಂದನ್ನು ಸಾಕ್ಷಿಗೆ ಇಟ್ಟುಕೊಂಡು, ಉಳಿದ ಮೂರನ್ನು ಪೂರ್ತಿ ತಣ್ಣಗಾಗುವ ಮೊದಲು ಅವಳ ಕೈಗೆ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಮೇಲೆ ಕೇಸು ಆಗುವುದಾದರೆ ಆಗಲಿ.

ಮೇಲೆ ಬರೆದದ್ದೆಲ್ಲ ನಡೆದದ್ದೇ. ಆರಿದೆ ಎಂದ ಒಂದು ಮಾತು ಬಿಟ್ಟರೆ ಈ ದಿನ ನಾನು ಬೇರೆ ಸುಳ್ಳು ಹೇಳಿಲ್ಲ.

ಸ್ಥಳ: ಹೇವರ್ಡ್
ದಿನಾಂಕ: 29-11-2001, ಸಂಜೆ 6.40
ಸಹಿ: ಹನುಮಂತರಾಜು