ಮೊದಲು ನಕ್ಕವಳು

ತುಮಕೂರಿನ ನಿಲ್ದಾಣದಲ್ಲಿ ಅಮೃತೂರಿನ ಬಸ್ಸು ಹೊರಡುವುದರಲ್ಲಿತ್ತು. ನನ್ನ ಹಿಂದಿನ ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳು ದೊಡ್ಡ ಬ್ಯಾಗ್ ಅಪ್ಪಿಕೊಂಡು ಕೂತಿದ್ದಳು. ಇನ್ನೊಬ್ಬಳು ಏದುಸಿರು ಬಿಡುತ್ತ ಹತ್ತಿ ಬಂದಳು.

“ಸಿಂಚನಾ, ಕಾಲೇಜೇ ಬಿಡ್ತೀಯಂತೆ? ಇಳಿಯೇ ಕೆಳಗೆ.”

“ಸೆಮಿನಾರಲ್ಲಿ ‘ಆ ವಿಷ್ಯ ಬುಡಿ ಸಾರ್’ ಅಂದಿದ್ದಕ್ಕೆ ಈಗ ಎಲ್ರೂ ನನ್ನ ‘ಬುಡಿ’ ಅಂತ್ಲೇ ಕರೀತಾರೆ. ಮೊದ್ಲು ನಕ್ಕಿದ್ದು ನೀನೇ ಕಣೇ, ಕೃತಿಕಾ.”

“ಹೌದು, ನಾನೇ.”

“ಯಾಕೆ?”

“ನಮ್ಮನೇಲೂ ಹಂಗೇ ಮಾತಾಡೋದು. ನಾನೂ ಗುಬ್ಬಿ ಹತ್ರ ಹಳ್ಳಿಯೋಳೇ. ಒಂದ್ ವರ್ಷ ಕಷ್ಟಪಟ್ಟು ‘ಬಿಡಿ’ ಅನ್ನೋದು ಕಲ್ತೆ. ನಗದಿದ್ರೆ ನಂದೂ ಗೊತ್ತಾಗುತ್ತೆ ಅಂತ ಭಯ ಆಯ್ತು.”

“ಇಲ್ಲೇ ಸಿಟಿ ಒಳಗೆ, ಶೆಟ್ಟಿಹಳ್ಳಿ ಬಡಾವಣೆಯೋಳು ಅಂತಿದ್ದೆ!”

“ಅದು ಚಿಕ್ಕಮ್ಮನ ಮನೆ.”

“ಹಂಗಾದ್ರೆ ಇದನ್ನ ಕ್ಲಾಸಲ್ಲಿ ಹೇಳು.”

“ಎಲ್ಲರ ಮುಂದೇನಾ?”

“ನೀನ್ ನಕ್ಕಿದ್ದು ಯಾರ್ ಮುಂದೆ?”

ಸೀಟಿ ಬಾಯಿಗಿಟ್ಟ ಕಂಡಕ್ಟರ್ ಇಬ್ಬರ ಮುಖ ನೋಡಿ, ಊದದೆ ಕೈ ಇಳಿಸಿದ.

“ಹೇಳ್ತೀನಿ. ನಾಳೆ ಫಸ್ಟ್ ಪೀರಿಯಡ್ಡಲ್ಲೇ.”

“ನೀನ್ ಹೇಳೋವಾಗ ನಾನೂ ಎದ್ದು ನಿಂತ್ಕೋತೀನಿ. ಯಾರ್ ನಗ್ತಾರೋ ನೋಡಣ.”

ಬ್ಯಾಗಿನ ಒಂದೊಂದು ಹಿಡಿಕೆ ಹಿಡಿದು ಇಬ್ಬರೂ ಇಳಿದುಹೋದರು.