ಎರಡು ಚಪ್ಪಾಳೆ

ಇದು ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಅವನು ಹೇಳಿದಷ್ಟೇ ಹೇಳುತ್ತೇನೆ. ಉಪ್ಪುಖಾರ ಹಚ್ಚುವ ಅಭ್ಯಾಸ ನನಗಿಲ್ಲ.

ಕೆರೆಯ ದಂಡೆಯ ಹಳೆಯ ಅರಮನೆ ತೋಟದಲ್ಲಿ ನನ್ನ ಈ ತಮ್ಮ ಕಾರಂಜಿ ನೋಡಿಕೊಳ್ಳುತ್ತಿದ್ದ. ಪ್ರವಾಸಿಗರೆದುರು ಗೈಡ್ ಒಂದು ಚಪ್ಪಾಳೆ ತಟ್ಟಿದರೆ ನೀರು ಚಿಮ್ಮುತ್ತಿತ್ತು. ಎರಡು ತಟ್ಟಿದರೆ ನಿಲ್ಲುತ್ತಿತ್ತು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಗುಟ್ಟು ಇಷ್ಟೆ: ಗೋಡೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ತಮ್ಮ ವಾಲ್ವಿನ ಚಕ್ರ ಹಿಡಿದು ಕೂತಿರುತ್ತಿದ್ದ. ಇದು ಮೋಸ ಎಂದು ಗೈಡಿಗೆ ಮುಖಕ್ಕೇ ಹೇಳಿದ್ದೆ. "ಬಿಡಿ ಸಾರ್, ಮಕ್ಕಳು ಖುಷಿಪಡ್ತಾವೆ," ಎಂದು ನಕ್ಕಿದ್ದ. ಹದಿನೆಂಟು ವರ್ಷದ ಜೋಡಿ ಅವರದು. ಒಂದು ದಿನ ಗೈಡ್ ಎದೆನೋವು ಬಂದು ತೀರಿಕೊಂಡ.

ಅದಾಗಿ ಇಪ್ಪತ್ತು ದಿನ...

ವಾರಕ್ಕೊಮ್ಮೆ, ಗೇಟು ಹಾಕಿದ ಮೇಲೆ, ಕಾರಂಜಿಗೆ ನೀರು ತರುವ ನೆಲದಡಿಯ ಕಲ್ಲುಕಾಲುವೆ ತೊಳೆಯಬೇಕು. ತೋಟ ಗುಡಿಸುವವಳು ತಮ್ಮನ ಹೆಂಡತಿಯೇ. ಅವಳು ಒಳಗೆ ತೆವಳಿ ಎಲೆ, ಕೆಸರು ಬಾಚಿ ಹೊರಗೆ ಬಂದ ಮೇಲೆ ಇವನು ಕೆರೆಯ ನೀರು ಬಿಡುತ್ತಿದ್ದ.

"ಮುಗೀತು ರೀ. ಆಲದ ಮರದ ಹತ್ರ ಇರ್ತೀನಿ," ಎಂದಳು ಆ ರಾತ್ರಿ, ಕೋಣೆಯ ಕಿಟಕಿಯಾಚೆಯಿಂದ.

"ಹೆದರಿಕೆ ಆದ್ರೆ ಕೂಗು."

"ನಿಮ್ಮನ್ನೇ ಕಟ್ಕೊಂಡಿದ್ದೀನಿ, ಇನ್ನೆಂಥಾ ಹೆದರಿಕೆ!"

ಚಪ್ಪಲಿ ಸದ್ದು ದೂರವಾಯಿತು... ಪಟ್, ಪಟ್, ಪಟ್... ತಮ್ಮ ಒಂದು ಬೀಡಿ ಸೇದಿ ಮುಗಿಸಿದ. ಆಮೇಲೆ ಚಕ್ರವನ್ನು ನಾಲ್ಕು ಸುತ್ತು ತೆರೆದ. ಕಿರ್ರ್... ನೆಲದಡಿಯಲ್ಲಿ ಗುಳುಗುಳು... ಮತ್ತೆ ಭೋರ್ ಎಂದು ನೀರು.

ಆಗ ಗೋಡೆಯಾಚೆ...

ಚಟ್. ಚಟ್.

ಯೋಚಿಸುವ ಮೊದಲೇ ಕೈ ಚಕ್ರವನ್ನು ಮುಚ್ಚತೊಡಗಿತ್ತು. ಅರ್ಧ ಸುತ್ತಿಗೆ ಕೈ ನಿಂತಿತು. ಚಪ್ಪಾಳೆ ತಟ್ಟುವವನು ಸತ್ತಿದ್ದಾನಲ್ಲ...

"ಯಾರು?" ಎಂದು ಪಿಸುಗುಟ್ಟಿದ.

ಚಕ್ರ ಬಿಟ್ಟು ಹೊರಗೋಡಿದ. ತೋಟ ಖಾಲಿ. ಆಲದ ಕೆಳಗೂ ಯಾರಿಲ್ಲ. ಕಾಲುವೆಯ ಬಾಯಲ್ಲಿ ಅವಳ ಚಪ್ಪಲಿ!

ಮರೆತ ಕುಡುಗೋಲು ತರಲು, ಎರಡು ನಿಮಿಷದ ಕೆಲಸ ಎಂದು, ಹೇಳದೆ ಮತ್ತೆ ಒಳಗಿಳಿದಿದ್ದಳು. ಕಾಲು ಕಬ್ಬಿಣದ ಜಾಲರಿಗೆ ಸಿಕ್ಕಿತ್ತು. ನೀರು ಗಲ್ಲದವರೆಗೆ ಬಂದು... ಅಲ್ಲಿಗೇ ನಿಂತಿತ್ತು.

ಬಿಡಿಸಿ ಹೊರಗೆಳೆದ.

"ಚಪ್ಪಾಳೆ ತಟ್ಟಿದ್ದು ನೀನೇನೇ?"

"ಎರಡು ಕೈಲೂ ಸರಳು ಹಿಡ್ಕೊಂಡಿದ್ದೆ." ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಚಪ್ಪಾಳೆ ಎಲ್ಲಿಂದ ತಟ್ಲಿ?"

ಆ ಕೋಣೆಗೆ ಮತ್ತೆ ಕಾಲಿಡದೆ ತಮ್ಮ ಅವಳನ್ನು ಮನೆಗೆ ಕರೆದೊಯ್ದ.

ಬೇರೆ ಯಾರು ಹೇಳಿದ್ದರೂ ಬೈದು ಕಳಿಸುತ್ತಿದ್ದೆ. ಆದರೆ ಬೆಳಗ್ಗೆ ಅವನ ಜೊತೆ ಹೋದವನು ನಾನೇ. ಕೋಣೆಗೆ ಅವನು ಹಾಕದೆ ಬಂದ ಬಾಗಿಲು ಹಾಗೇ ತೆರೆದಿತ್ತು. ಅವನು ಮುಚ್ಚಿದ್ದು ಅರ್ಧ ಸುತ್ತು. ಚಕ್ರ ಮಾತ್ರ ನಾಲ್ಕೂ ಸುತ್ತು ಮುಚ್ಚಿ, ಬಿಗಿದು ಕೂತಿತ್ತು. ತೆರೆಯಲು ಇಬ್ಬರೂ ಸಲಾಕೆ ಹಾಕಿ ಜಗ್ಗಿದೆವು. ನನ್ನ ಅಂಗೈ ಬೊಬ್ಬೆ ವಾಸಿಯಾಗಲು ಒಂದು ವಾರ ಹಿಡಿಯಿತು.