ಕೊನೇ ಕಂತಿನ ಮೇಲೆ ಹಲ್ಲು ಡಾಕ್ಟರ ತಕರಾರು

ಅಲ್ಲ ಭಾವ, ಇಪ್ಪತ್ತಾರು ವರ್ಷ! ಇಪ್ಪತ್ತಾರು ವರ್ಷ ಎಳೆದೂ ಎಳೆದೂ ಕೊನೇ ಕಂತಲ್ಲಿ ಹೀಗಾ ಮಾಡೋದು? ನೀವೇ ಹೇಳಿ... ಅಯ್ಯೋ, ಹೇಳ್ಬೇಡಿ ಹೇಳ್ಬೇಡಿ! ಬಾಯಿ ಮುಚ್ಬೇಡಿ! ಡ್ರಿಲ್ಲು ಇನ್ನೂ ಒಳಗಿದೆ. ನಾಲಿಗೆ ಆ ಕಡೆ ಇಟ್ಕೊಳ್ಳಿ. ಹಾಂ, ಹಾಗೆ. ಏನು ಹುಳುಕು ಭಾವ ಈ ದವಡೆ ಹಲ್ಲಲ್ಲಿ! ಒಂದು ಗೂಡ್ಸ್ ಗಾಡಿ ಆರಾಮಾಗಿ ಹೋಗುತ್ತೆ. ಸ್ಟೇಷನ್ ಮಾಸ್ತರ ಬಾಯಿ ಅಂದ್ರೆ ಹೀಗಿರ್ಬೇಕು.

ನಗ್ಬೇಡಿ! ಕೈ ಜಾರುತ್ತೆ.

ಎಲ್ಲಿದ್ದೆ? ಹಾಂ, ನಮ್ಮ ಟೀವಿ ಧಾರಾವಾಹಿ ‘ಗಗನದೋಣಿ’. ಹೋದ ಭಾನುವಾರ ನೀವು, ಅಕ್ಕ ಹೊಸ ಊರಿನ ಕ್ವಾರ್ಟರ್ಸ್ ನೋಡೋಕೆ ಹೋಗಿದ್ರಲ್ಲ, ಅವತ್ತೇ ಬಂತು ಕೊನೇ ಕಂತು. ‘ರೆಕಾರ್ಡ್ ಮಾಡಿಟ್ಟಿರು, ಬಂದ್ಮೇಲೆ ಇಬ್ರೂ ಕೂತು ನೋಡೋಣ’ ಅಂದಿದ್ರಿ. ಮಾಡಿಟ್ಟೆ. ಆದ್ರೆ ನಾನು ನೋಡ್ಲಿಲ್ಲ ಭಾವ. ಅಕ್ಕನ ಆಣೆಗೂ... ಬೇಡ, ಅಕ್ಕನ್ನ ಯಾಕೆ ಸುಮ್ನೆ ಎಳೆಯೋದು. ಈ ಚಿಮಟದ ಆಣೆಗೂ ನೋಡ್ಲಿಲ್ಲ. ಎಲ್ಲ ನಮ್ಮ ನರ್ಸಮ್ಮ ಹೇಳಿದ್ದು. ಆಯಮ್ಮನಿಗೆ ‘ಗಗನದೋಣಿ’ ಅಂದ್ರೆ ಪ್ರಾಣ.

ಏನದು ಆಂ, ಆಂ? ನೋಯ್ತಿದ್ಯಾ? ಇನ್ನೊಂದು ಇಂಜೆಕ್ಷನ್ ಕೊಟ್ಬಿಡ್ತೀನಿ, ತಾಳಿ... ಆಯ್ತು. ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಅಲ್ವಾ? ಮತ್ತೆ ಕೈ ಯಾಕೆ ಹಾಗೆ ಬೀಸ್ತಿದೀರಿ, ರೈಲು ನಿಲ್ಸೋ ಥರ? ಓ... ಕತೆ ಹೇಳ್ಬೇಡ ಅಂತಾನಾ? ಕೇಳಿ ಭಾವ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಅದನ್ನ ನೋಡೋದೇ ಬೇಡ. ದಂಡ! ಬೆಟ್ಟ ಅಗೆದು ಇಲಿ ಹಿಡಿದಿದಾರೆ.

ಮೊದಲನೇದಾಗಿ ಆ ಬಂಡೆ. ಅದೇ ಬಂಡೆ ಭಾವ! ಕೆಂಪು ಗ್ರಹದಲ್ಲೂ ಅದೇ, ಹಸಿರು ಗ್ರಹದಲ್ಲೂ ಅದೇ, ಬಣ್ಣ ಬಳಿದು ಬಳಿದು ಇಪ್ಪತ್ತಾರು ವರ್ಷ ದುಡಿಸಿದ್ರು. ಕೊನೇ ಕಂತಿಗಾದ್ರೂ ಬೇರೆ ತರ್ತಾರೆ ಅಂದ್ಕೊಂಡ್ರೆ, ಅದೇ ಬಂಡೆ, ಈ ಸಲ ನೀಲಿ! ಕಪ್ತಾನ ಒರಗಿ ನಿಂತ, ಕೋಟಿಗೆಲ್ಲ ನೀಲಿ ಬಣ್ಣ ಹತ್ತಿತು. ಹಸಿ ಬಣ್ಣ! ಯಾರೂ ಒರೆಸ್ಲಿಲ್ಲ. ಆಮೇಲೆ ಆ ರಾಕ್ಷಸ ರಾಜ, ಅವನ ಮೀಸೆಯ ಎಡಗಡೆ ಅಂಟು ಬಿಟ್ಟು ಜೋತಾಡ್ತಿತ್ತು. ಲೋಕವನ್ನೇ ಸುಡ್ತೀನಿ ಅಂತಾನೆ, ಮೀಸೆ ಉದುರದ ಹಾಗೆ ಮೆಲ್ಲಗೆ, ತುಟಿ ಬಿಗಿದು ಅಂತಾನೆ!

ಹೂಂ? ಏನು ನೋಡ್ತಿದೀರಿ? ನರ್ಸಮ್ಮ ಇಷ್ಟೆಲ್ಲ ಹೇಳಿದ್ರಾ ಅಂತಾನಾ? ಹೇಳಿದ್ರು, ಹೇಳಿದ್ರು. ಭಾರಿ ಸೂಕ್ಷ್ಮದ ಹೆಂಗಸು.

ಒಂದು ಮಾತ್ರ ಒಪ್ಪಿದೆ ಭಾವ. ಅಂತರಿಕ್ಷದಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದ ಕಡೆ ಸದ್ದು ಹೇಗೆ ಬರುತ್ತೆ ಅಂತ ನಾನು ಮೊದಲ ದಿನದಿಂದ ಬಡ್ಕೊಂಡೆ. ಮೂರು ಕಾಗದ ಬರೆದೆ ಅವರಿಗೆ. ನೀವು ‘ಇರಲಿ ಬಿಡೋ, ಸದ್ದಿಲ್ಲದ ದೋಣಿ ಯಾರು ನೋಡ್ತಾರೆ’ ಅಂತಿದ್ರಿ. ಈ ಸಲ ದೋಣಿ ಏರಿ ಹೋಗುತ್ತಲ್ಲ, ಆಗ ಸದ್ದೇ ಇಲ್ಲ! ಸಂಗೀತಾನೂ ಇಲ್ಲ. ಒಂದು ನಿಮಿಷ ಹನ್ನೊಂದು ಸೆಕೆಂಡು. ಎಣಿಸಿದೆ... ಎಣಿಸಿದ್ರಂತೆ ನರ್ಸಮ್ಮ.

ಬಂದ್ರು ನೋಡಿ. ಬನ್ನಿ ನರ್ಸಮ್ಮ, ಹತ್ತಿ ಕೊಡಿ. ‘ಗಗನದೋಣಿ’ ವಿಷಯಾನೇ ಮಾತಾಡ್ತಿದ್ವಿ... ಯಾವ ದೋಣಿ ಅಂದ್ರೆ? ನೀವೇ ಹೇಳಿದ್ರಲ್ಲಮ್ಮ, ಮೊನ್ನೆ... ಟೀವಿ ಕೆಟ್ಟು ಮೂರು ತಿಂಗಳಾಯ್ತಾ? ಹಾಗಾ... ಸರಿ, ಸರಿ, ಹತ್ತಿ ಅಲ್ಲಿಟ್ಟು ಹೊರಡಿ ತಾಯಿ. ಬಾಗಿಲು ಹಾಕ್ಕೊಂಡು ಹೋಗಿ.

...

ಬಾಯಿ ಇನ್ನೂ ಸ್ವಲ್ಪ ತೆಗೀರಿ. ಸಿಮೆಂಟು ತುಂಬ್ತೀನಿ.

ಸರಿ, ಕುಂಬಳಕಾಯಿ ಕಳ್ಳ ನಾನೇ. ನೋಡಿದೆ. ಒಂದೇ ಒಂದು ಸಲ, ಅದೂ ಅರ್ಧ. ರೆಕಾರ್ಡ್ ಸರಿಯಾಗಿದ್ಯೋ ಇಲ್ವೋ ನೋಡೋಣ ಅಂತ ಹಾಕಿದ್ದು. ಕರೆಂಟು ಹೋಗಿ ಅರ್ಧಾನೇ ಆಗಿತ್ತು. ಅದಕ್ಕೇ ಹೇಳ್ತಿರೋದು, ಈ ಭಾನುವಾರ ಅದು ಬೇಡ. ಕುಸ್ತಿ ನೋಡೋಣ. ಇಲ್ಲ ಸುಮ್ನೆ ಹರಟೋಣ. ಆ ತಗಡಯ್ಯನಿಗೆ ಮಾಡಿರೋ ಗತಿ ನೀವು ನೋಡಬಾರ್ದು ಭಾವ.

ನಮ್ಮ ರೋಬೋಟು ತಗಡಯ್ಯ! ನೆನಪಿದ್ಯಾ? ನಾನು ಕಾಲೇಜಿಗೆ ಸೇರಿದ ವರ್ಷ ನೀವು ಅಕ್ಕನ್ನ ಮದುವೆಯಾಗಿ ಬಂದ್ರಿ. ಹೊಸ ಅಳಿಯ, ಇಸ್ತ್ರಿ ಮುರಿಯದ ಪ್ಯಾಂಟು. ಮನೆಮಂದಿಯೆಲ್ಲ ನಿಮ್ಮನ್ನ ಮಾತಾಡಿಸೋಕೆ ಸಾಲಾಗಿ ಕೂತಿದ್ರೆ ನೀವು ಮೆಲ್ಲಗೆ ಎದ್ದು ಟೀವಿ ಮುಂದೆ ನನ್ನ ಪಕ್ಕ ನೆಲದ ಮೇಲೆ ಕೂತು, ‘ಆ ತಗಡಿನ ಡಬ್ಬಕ್ಕೆ ಏನಪ್ಪಾ ಕಾಯಿಲೆ, ಹಾಗೆ ಕುಂಟುತ್ತೆ?’ ಅಂತ ಕೇಳಿದ್ರಿ. ಮನೇಲಿ ಅದುವರೆಗೆ ಯಾರೂ ನನ್ನನ್ನ ಅದರ ಬಗ್ಗೆ ಒಂದು ಮಾತು ಕೇಳಿರ್ಲಿಲ್ಲ. ತಗಡಯ್ಯ ಅಂತ ಹೆಸರಿಟ್ಟವರೂ ನೀವೇ.

ಅಂಥ ತಗಡಯ್ಯ! ದೋಣಿಯ ಒಂದೊಂದು ತಿರುಪನ್ನೂ ತಾನೇ ಬಿಗಿದವನು. ಅವನನ್ನ ಬಿಟ್ಟು ಕಪ್ತಾನ ಬೇರೆ ನಕ್ಷತ್ರಕ್ಕೆ ಹೊರಡ್ತಾನೆ. ಮೇಲಿನಿಂದ ಆರ್ಡರಂತೆ. ತಗಡಯ್ಯ ಕೆಳಗೆ ನಿಂತಿದಾನೆ, ಆ ದರಿದ್ರ ನೀಲಿ ಬಂಡೆ ಪಕ್ಕ. ನಾನು ಕುರ್ಚಿ ತುದಿಗೆ ಬಂದೆ, ಕಪ್ತಾನ ಈಗ ಏನೋ ಹೇಳ್ತಾನೆ, ಇಪ್ಪತ್ತಾರು ವರ್ಷಕ್ಕೆ ತಕ್ಕ ಒಂದು ಮಾತು ಹೇಳ್ತಾನೆ ಅಂತ. ಏನಂದ ಗೊತ್ತಾ? ‘ಮಂಡಿಗೆ ಎಣ್ಣೆ ಹಾಕ್ಕೊಳ್ಳೋದು ಮರೀಬೇಡ.’ ಅಷ್ಟೇ! ಹತ್ತಿದ, ಹೋದ! ಎಣ್ಣೆಯಂತೆ ಎಣ್ಣೆ! ಬರೆದವನ ತಲೆಗೆ ಸುರೀಬೇಕು!

ನಾನು ಅಳ್ಲಿಲ್ಲಪ್ಪ. ಟೀವಿ ಹತ್ತಿರ ಕೂತ್ರೆ ಕಣ್ಣು ಉರಿಯುತ್ತೆ, ಅಷ್ಟೇ.

ಆಯ್ತು, ಮುಗೀತು. ಉಗುಳಿ. ಇನ್ನೊಂದು ಸಲ... ಹಾಂ. ಹಲ್ಲು ಕಚ್ಚಿ ನೋಡಿ. ಎತ್ತರ ಸರಿಯಾಗಿದ್ಯಾ? ಇನ್ನು ಮಾತಾಡಬಹುದು ಭಾವ.

...

ಮಾತಾಡಿ. ಬೈಬೇಕು ಅಂತಿದ್ರೆ ಬೈದುಬಿಡಿ. ಅಷ್ಟೊತ್ತಿಂದ ಆಂ ಆಂ ಅಂತಿದ್ರಿ, ಈಗ ಬಾಯಿ ಬಿಟ್ಟುಕೊಟ್ರೆ ಸುಮ್ನೆ ಕೂತಿದೀರಿ.

ಹಾಗೆ ನೋಡ್ಬೇಡಿ ಭಾವ... ಕರೆಂಟು ಹೋಗಿರ್ಲಿಲ್ಲ. ರೆಕಾರ್ಡು ಪೂರ್ತಿ ಇದೆ. ನೋಡಿದ್ದೂ ಒಂದು ಸಲ ಅಲ್ಲ, ಮೂರು ಸಲ. ಮೊದಲನೇ ಸಲ, ನಿಮ್ಮ ಜೊತೆ ಕೂತಾಗ ಅತ್ತುಬಿಟ್ಟೇನು ಅಂತ, ಅಭ್ಯಾಸಕ್ಕೆ ನೋಡಿದೆ. ಅಭ್ಯಾಸ ಆಗ್ಲಿಲ್ಲ. ಮೂರನೇ ಸಲ ನನ್ನ ಹೆಂಡತಿ ಒಳಗಿಂದ ಬಂದು, ‘ಯಾರ ಮನೇಲಿ ಏನಾಯ್ತು?’ ಅಂತ ಕೇಳಿದ್ಲು.

ಸೋಮವಾರ ನಿಮ್ಮ ಸಾಮಾನಿಗೆ ಲಾರಿ ಬರುತ್ತೆ. ಬರಲಿ, ವರ್ಗ ಅಂದ್ಮೇಲೆ ಹೋಗ್ಲೇಬೇಕು, ನಾನೇನು ಚಿಕ್ಕ ಮಗು ಅಲ್ಲ. ಊರಲ್ಲಿ ಬೋರ್ಡು ಹಾಕ್ಕೊಂಡಿರೋ ಡಾಕ್ಟ್ರು. ಆದ್ರೆ ಭಾನುವಾರ ಕೂತು ಅದನ್ನೂ ನೋಡಿಬಿಟ್ರೆ... ಮುಗೀತಲ್ಲ ಭಾವ. ಇನ್ನೇನು ಉಳೀತು? ನೋಡದೇ ಇಟ್ರೆ, ಒಂದು ಕಂತು ಬಾಕಿ ಇದೆ ಅಂತಾದ್ರೂ... ನೀವು ಬರ್ಲೇಬೇಕಲ್ಲ ಒಂದು ದಿನ.

ಹೂಂ. ಅದೇ ವಿಷಯ. ಬಂಡೆನೂ ಅಲ್ಲ, ಮೀಸೆನೂ ಅಲ್ಲ. ನಿಜ ಹೇಳ್ಬೇಕು ಅಂದ್ರೆ ಕಂತು ಚೆನ್ನಾಗಿದೆ. ಭಾಳ ಚೆನ್ನಾಗಿದೆ, ಹಾಳಾದ್ದು.

ಯಾಕೆ ಎದ್ರಿ? ಕೂತ್ಕೊಳ್ಳಿ, ಇನ್ನೂ ಜೋಮು ಇಳಿದಿಲ್ಲ... ಏನ್ ಭಾವ ಇದು, ಹೆಗಲ ಮೇಲೆ ಕೈ ಎಲ್ಲ... ನರ್ಸಮ್ಮ ಬಾಗಿಲ ಗಾಜಿನಿಂದ ನೋಡ್ತಾರೆ. ಸರಿ ಬಿಡಿ, ಭಾನುವಾರ ಆರಕ್ಕೇ ಬನ್ನಿ, ಹಾಕ್ತೀನಿ. ನಾನು ಅತ್ರೆ ನೀವು ಆ ಕಡೆ ತಿರುಗಿದ್ರೆ ಸಾಕು.

ಯಾಕೆ ತಲೆ ಅಲ್ಲಾಡಿಸ್ತೀರಿ? ಬರಲ್ವಾ? ...ಬರ್ತೀರಿ. ಮತ್ತೆ? ಅದನ್ನ ಹಾಕೋದು ಬೇಡ್ವಾ?

ಬಾಕಿ ಇರಲಿ ಅಂತೀರಾ?

...ಇರುತ್ತೆ ಭಾವ. ಎಷ್ಟು ದಿನ ಬೇಕಾದ್ರೂ ಇರುತ್ತೆ. ಕೆಡೋ ಪದಾರ್ಥ ಅಲ್ಲ ಅದು.